ನನ್ನ ಹೆಬ್ಬೆರಳಿನ ಉಗುರು ಹುಳುಕು ಹಲ್ಲಲ್ಲ

ಬಾಯಿಯ ಆರೋಗ್ಯ ಸಂಶೋಧನಾ ವಿಭಾಗದ ಮಾನ್ಯ ನಿರ್ದೇಶಕರೇ,

ನಿಮ್ಮ ಕೃತಕ ಬುದ್ಧಿಮತ್ತೆ ನನ್ನ ಮಗಳ ಬಾಯಲ್ಲಿ ಪತ್ತೆಹಚ್ಚಿದ ಹುಳುಕು ಹಲ್ಲು, ನನ್ನ ಹೆಬ್ಬೆರಳಿನ ಉಗುರು. ಮಗಳಿಗೆ ಇನ್ನೂ ಹಲ್ಲೇ ಬಂದಿಲ್ಲ. ನಿಮ್ಮ ಕಚೇರಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದ ಕಾರಣ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ಮಗುವಿನ ವಸಡಿನ ಮೇಲೆ ಬಿಳಿ ಮಚ್ಚೆಯೊಂದು ಎದ್ದಿದೆ. ಹಾಲಿಗೆ ಬಾಯಿ ಹಾಕಿದವಳು ಚೀರಿ ಮುಖ ತಿರುಗಿಸುತ್ತಾಳೆ. ಅವಳಿಗೂ ನಿದ್ದೆಯಿಲ್ಲ, ನನಗೂ ಇಲ್ಲ. ನಿಮ್ಮಲ್ಲಿಗೆ ಓಡಿ ಬಂದರೆ, ಮೊದಲು ಫೋಟೊ ಕಳಿಸಿ, ಯಂತ್ರ ನೋಡಿದ ಮೇಲೆಯೇ ವೈದ್ಯರ ಸರದಿ ಎಂದರು. ಮಗು ತಾನಾಗಿ ಬಾಯಿ ತೆರೆದು ಕೂರುತ್ತದೆಂದು ನಿಮ್ಮ ವಿಜ್ಞಾನಿಗಳು ನಂಬಿದ್ದರೆ, ಅವರಲ್ಲಿ ಯಾರಿಗೂ ಮಕ್ಕಳಿಲ್ಲ. ತುಟಿ ಸರಿಸಲು ಹೆಬ್ಬೆರಳು ಇಟ್ಟಿದ್ದೆ. ಉಗುರಿನ ಮೇಲೆ ಅರ್ಧ ಎದ್ದುಹೋದ ಕಂದು ಪಾಲಿಶ್ ಇತ್ತು. ಮಚ್ಚೆಯ ಬಗ್ಗೆ ವರದಿಯಲ್ಲಿ ಚಕಾರವಿಲ್ಲ. "ತೀವ್ರ ಹುಳುಕು, ಕೀಳಿಸಬೇಕು" ಎಂದಿತ್ತು. ಕೂಡಲೇ ಧೂಮಪಾನ ಬಿಡುವಂತೆ ಮಗುವಿಗೆ ಬುದ್ಧಿಮಾತು ಬೇರೆ.

ಕೌಂಟರಿನ ಹುಡುಗಿಗೆ ಬೆರಳು ತೋರಿಸಿ, "ನೋಡಮ್ಮಾ, ಇದೇ ಆ ಹಲ್ಲು" ಎಂದೆ.

ಆಕೆ ಉಗುರು ನೋಡಿದಳು, ಪರದೆ ನೋಡಿದಳು. "ಹೌದಲ್ಲ ಮೇಡಂ, ಅದೇ ಇದು! ಆದ್ರೆ ಸಿಸ್ಟಮ್ ಹಲ್ಲು ಅಂತಿದೆಯಲ್ಲ. ಲಕ್ಷಾಂತರ ಹಲ್ಲು ನೋಡಿದೆ ಅದು. ನೀವೆಷ್ಟು ನೋಡಿದೀರಾ?"

"ಉಗುರೆಷ್ಟು ನೋಡಿದೆಯಂತೆ?"

"ಉಗುರು ನಮ್ ವಿಭಾಗಕ್ಕೆ ಬರಲ್ಲ ಮೇಡಂ."

ಮನೆಗೆ ಬಂದರೆ ಅತ್ತೆ, "ಅಲ್ವೇ, ಉಗುರು ಕತ್ತರಿಸ್ಕೊಂಡು ಇನ್ನೊಂದು ಫೋಟೊ ಕಳಿಸು. ಅಷ್ಟಕ್ಯಾಕೆ ರಂಪ?" ಎಂದರು. ಬುಡಮಟ್ಟ ಕತ್ತರಿಸಿ, ಬೆರಳಿಗೆ ಬಟ್ಟೆ ಸುತ್ತಿ, ಮತ್ತೆ ಕಳಿಸಿದೆ. ಬಂತು ಉತ್ತರ: "ಹಲ್ಲು ಉದುರಿದೆ. ಅಪರೂಪದ ಪ್ರಕರಣವಾಗಿ ಅಧ್ಯಯನಕ್ಕೆ ಆಯ್ಕೆಯಾಗಿದ್ದೀರಿ, ಅಭಿನಂದನೆಗಳು. ಉದುರಿದ ಹಲ್ಲನ್ನು ಒಪ್ಪಿಸುವವರೆಗೆ ವೈದ್ಯರ ಭೇಟಿ ತಡೆಹಿಡಿಯಲಾಗಿದೆ."

"ಹಲ್ಲು ಬರೋದಕ್ಕೆ ಮುಂಚೆನೇ ಬೊಚ್ಚುಬಾಯಿ ಆದಳಲ್ಲೇ ನಮ್ಮ ಮಗಳು!" ಎಂದು ನನ್ನ ಗಂಡ ನಕ್ಕರು. ಮಗು ಮತ್ತೆ ಹಾಲು ಬಿಟ್ಟು ಅತ್ತಾಗ ಅವರ ನಗುವೂ ನಿಂತಿತು.

ನಾನು ವಿಜ್ಞಾನದ ವಿರೋಧಿಯಲ್ಲ ಸ್ವಾಮಿ, ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರವನ್ನೇ ಓದಿದವಳು. ಲಕ್ಷ ಬಾಯಿಗಳ ದತ್ತಾಂಶದಿಂದ ರೋಗದ ಸುಳಿವು ಮೊದಲೇ ಸಿಗುವುದಾದರೆ ಸಂತೋಷ. ಆದರೆ ಆ ಲಕ್ಷದೊಳಗೆ ಈಗ ನನ್ನ ಉಗುರೂ ಹಲ್ಲಾಗಿ ಸೇರಿಕೊಂಡಿದೆಯಲ್ಲ, ನಾಳೆ ಇನ್ನೊಂದು ಮಗುವಿನ ಬಾಯನ್ನು ಅದರಿಂದಲೇ ಅಳೆಯುತ್ತೀರಾ? ಇನ್ನೆಷ್ಟು ತಾಯಂದಿರ ಉಗುರಿಗೆ ಹುಳುಕು ಹಿಡಿದಿದೆ ನಿಮ್ಮಲ್ಲಿ? ಟಾರ್ಚ್ ಹಿಡಿದು ಒಮ್ಮೆ ಬಗ್ಗಿ ನೋಡಲು ಅಲ್ಲಿ ಯಾರ ಸೊಂಟವೂ ಬಾಗುವುದಿಲ್ಲವೇ?

ಸೋಮವಾರ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ನಿಮ್ಮ ಕೊಠಡಿಯ ಬಾಗಿಲಿಗೇ ಬರುತ್ತೇನೆ. ನೀವು ಕೇಳಿದ್ದನ್ನೂ ತರುತ್ತೇನೆ. ಕತ್ತರಿಸಿದ ಉಗುರನ್ನು ಪೊಟ್ಟಣ ಕಟ್ಟಿಟ್ಟಿದ್ದೇನೆ. ಉಗುರನ್ನು ನಿಮ್ಮ ಯಂತ್ರ ನೋಡಲಿ. ಮಗುವನ್ನು ನೀವು ನೋಡಿ.

ಇಂತಿ, ಉರಿಯುವ ಕಣ್ಣುಗಳಿಂದ,
ಹಲ್ಲಿಲ್ಲದ ಮಗುವಿನ ಉಗುರಿಲ್ಲದ ತಾಯಿ