ಪರದೆಯ ಮೇಲೆ ನನ್ನ ಬೆನ್ನು

ನವೆಂಬರ್ ೮, ಶನಿವಾರ

ಆ ಪಿಟೀಲು ಇನ್ನೂ ಕಿವಿ ಬಿಟ್ಟು ಹೋಗುತ್ತಿಲ್ಲ.

ಫೋಟೋ ಕ್ಲಬ್ಬಿನಲ್ಲಿ ಇವತ್ತು ಸ್ಲೈಡ್ ಶೋ ಇತ್ತು, ಚಿತ್ರಗಳಿಗೆ ಸಂಗೀತ ಕೂಡಿಸಿ ತೋರಿಸುವುದು. ಹಲ್ಲಿನ ಡಾಕ್ಟರರ ಸರದಿ ಬಂತು. 'ಒಂಟಿ ಜೀವಗಳು' ಎಂದು ಹೆಸರು, ಹಿನ್ನೆಲೆಗೆ ಪಿಟೀಲು. ಪರದೆಯ ಮೇಲೆ ಇದ್ದಕ್ಕಿದ್ದಂತೆ ನಾನು! ಪಾರ್ಕಿನ ಬೆಂಚು, ನನ್ನ ಹಸಿರು ಸ್ವೆಟರಿನ ಬೆನ್ನು, ತಗ್ಗಿದ ತಲೆ, ಕಣ್ಣಿಗೆ ಒತ್ತಿಕೊಂಡ ಕರವಸ್ತ್ರ.

ನಾನು ಅಳುತ್ತಿರಲಿಲ್ಲ. ಭಾವ ಪಕ್ಕದ ಮನೆಯ ನಾಯಿಗೆ ಹೆದರಿ ಕಾರಿನ ಮೇಲೆ ಹತ್ತಿ ಕೂತ ಕಥೆಯನ್ನು ಅಕ್ಕ ಆಗಷ್ಟೇ ಫೋನಿನಲ್ಲಿ ಹೇಳಿದ್ದಳು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂದಿತ್ತು, ಅಷ್ಟೆ.

ಪಕ್ಕದಲ್ಲಿ ಕೂತಿದ್ದ ಟೀಚರ್ ನನ್ನ ಕಡೆ ಬಾಗಿ, "ಪಾಪ ಕಣ್ರೀ, ಆಕೆಗೆ ಯಾರೂ ಇಲ್ವೇನೋ" ಅಂದರು. ನಾನು "ಹೂಂ" ಅಂದೆ. ಯಾಕೆ ಅಂದೆನೋ.

ದೀಪ ಹಾಕಿದಾಗ ಅದೇ ಸ್ವೆಟರ್ ನನ್ನ ಮೈಮೇಲಿತ್ತು. ಯಾರಿಗೂ ಹೊಳೆಯಲಿಲ್ಲ. ಚಪ್ಪಾಳೆಯೋ ಚಪ್ಪಾಳೆ; ನಾನೂ ತಟ್ಟಿದೆ. ಹೊರಡುವಾಗ ಡಾಕ್ಟರರು ಬಾಗಿಲಲ್ಲಿ ಸಿಕ್ಕಿ, "ಹೊಸದಾಗಿ ಸೇರಿದ್ರಾ ಮೇಡಂ?" ಎಂದು ಕೇಳಿದರು. ಎರಡು ವರ್ಷದಿಂದ ಅವರ ಹಿಂದಿನ ಸಾಲಿನಲ್ಲೇ ಕೂರುತ್ತೇನೆ. ಅವರ ಬೋಳುತಲೆಯನ್ನು ಯಾವ ಸಂತೆಯಲ್ಲಿ ನಿಲ್ಲಿಸಿದರೂ ಗುರುತು ಹಿಡಿದೇನು.

ಇದನ್ನು ಅಕ್ಕನಿಗೆ ಹೇಳಿದರೆ ಬಿದ್ದು ಬಿದ್ದು ನಗುತ್ತಾಳೆ. ಮನೆಗೆ ಬಂದಾಗಿನಿಂದ ಫೋನ್ ಕೈಯಲ್ಲೇ ಇದೆ. ಮಾಡಲು ಧೈರ್ಯ ಬರುತ್ತಿಲ್ಲ. ಅವಳೂ ನಗದೆ, ಪಾಪ ಅಂದುಬಿಟ್ಟರೆ?