ಗಿಂಡಿಯ ಮೇಲಿನ ಇನ್ನೊಂದು ಕೈ

ದೊಂದ್ರ,
14 ಮೇ 2017

ಪ್ರೀತಿಯ ರೂಪಿಕಾ ಅಕ್ಕ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈದುಕೋ. ಬುದ್ಧಪೂರ್ಣಿಮೆಯ ವೆಸಕ್ ಹಬ್ಬಕ್ಕೆ ಗೂಡುದೀಪ ಕಟ್ಟುವ ಗಡಿಬಿಡಿ ಅಂತ ಸುಳ್ಳು ಹೇಳಬಹುದಿತ್ತು. ಈ ವರ್ಷ ಒಂದೂ ಕಟ್ಟಲಿಲ್ಲ. ನಿನ್ನ ಒಂದೇ ಪ್ರಶ್ನೆಗೆ ಹೆದರಿದ್ದೆ. ಜೂನ್ ಹತ್ತಕ್ಕೆ ತಿಲಕನ ದೋಣಿ ಕಾಣೆಯಾಗಿ ವರ್ಷವಾಗುತ್ತದೆ, ಭಿಕ್ಷುಗಳನ್ನು ಕರೆದು ಅವನ ಹೆಸರಲ್ಲಿ ದಾನ ಕೊಡುತ್ತೀಯಾ ಇಲ್ಲವಾ ಎಂದು ನೀನು ಕೇಳಿದ್ದೆ. ಆ ದಾನದ ಪುಣ್ಯವನ್ನು ಧಾರೆ ಎರೆಯುವುದು ಸತ್ತವರಿಗೆ. ನನ್ನ ಗಂಡ ಸತ್ತದ್ದನ್ನು ಯಾರು ನೋಡಿದ್ದಾರೆ?

ಆ ಮಾತು ಇರಲಿ. ಮೊನ್ನೆ ಪಕ್ಕದ ಮನೆಯ ಚಿತ್ರಾಣಿ ನನ್ನನ್ನೂ ಅತ್ತೆಯನ್ನೂ ಮಾತರದ ಟಾಕೀಸಿಗೆ ಎಳೆದುಕೊಂಡು ಹೋದಳು. ದೆವ್ವದ ಪ್ರೇಮಕಥೆ. ಟೀ ತೋಟದ ಗುಮಾಸ್ತನೊಬ್ಬನ ಸತ್ತ ಹೆಂಡತಿ ದಿನಾ ಸಂಜೆ ಮಂಜಿನಲ್ಲಿ ಬಂದು, ಹೊಸ್ತಿಲಾಚೆ ಕೂತು ಹರಟುತ್ತಾಳೆ. ಕೊನೆಗೆ ಅವನು ದಾನಕ್ಕೆ ಒಪ್ಪುತ್ತಾನೆ. ಭಿಕ್ಷುಗಳು ಪಠಿಸುವಾಗ ಗಿಂಡಿಯಿಂದ ಬಟ್ಟಲಿಗೆ ನೀರು ಸುರಿಯುತ್ತಾನೆ. ಪುಣ್ಯ ಮುಟ್ಟಬೇಕಾದರೆ ಬಟ್ಟಲು ತುಂಬಿ ಉಕ್ಕಬೇಕಲ್ಲ, ಎಷ್ಟು ಸುರಿದರೂ ಅದು ತುಂಬುವುದಿಲ್ಲ. ಆಗ ಅವನ ಕೈಮೇಲೆ ಬಳೆ ತೊಟ್ಟ ಇನ್ನೊಂದು ಕೈ ಬರುತ್ತದೆ. ನೀರು ಉಕ್ಕಿ ಹರಿಯುತ್ತದೆ. ಪರದೆಯೆಲ್ಲ ಬಿಳಿ.

ಬಸ್ಸಿನಲ್ಲಿ ಅದೇ ವಾದ.

"ಅವಳು ಸತ್ತೇ ಇರ್ಲಿಲ್ಲ ಕಣೇ. ಸತ್ತೋನು ಅವ್ನೇ," ಅಂದಳು ಚಿತ್ರಾಣಿ. "ಅವ್ನು ಊಟ ಮಾಡಿದ್ದು ಒಂದ್ಸಲನಾದ್ರೂ ತೋರಿಸಿದ್ರಾ?"

"ಅರ್ಧ ಸಿನಿಮಾ ಕಡಲೆ ತಿನ್ನೋದ್ರಲ್ಲೇ ಕಳೆದೆ, ನಿಂಗೇನು ಕಂಡಿರುತ್ತೆ," ಅಂದರು ಅತ್ತೆ. ಆಮೇಲೆ ಕಿಟಕಿಯಾಚೆ ಸಮುದ್ರ ನೋಡುತ್ತಾ, "ಮನೆಯವರೆಲ್ಲ ಗಿಂಡಿಗೆ ಕೈ ಹಚ್ಚಲ್ವಾ? ಅವಳೂ ಮನೆಯವಳೇ. ಅವನೊಬ್ಬನ ಕೈಲಿ ಆಗ್ಲಿಲ್ಲ, ಅದಕ್ಕೇ ಹಚ್ಚಿದ್ಲು. ಹೋಗೋಕೆ ಅವಳಿಗೆ ಕಷ್ಟ ಇರ್ಲಿಲ್ಲ ಮಗಳೇ, ಕಳಿಸೋಕೆ ಅವನಿಗೆ ಕಷ್ಟ," ಅಂದರು.

ತಿಲಕನನ್ನು ಹೆತ್ತವರು ಅವರು. ಆದರೂ ನನಗೆ ಸಿಟ್ಟು ಬಂತು. ಆವತ್ತಿನಿಂದ ಆ ಬಿಳಿ ಪರದೆಯೊಳಗೇ ಓಡಾಡುತ್ತಿದ್ದೇನೆ. ಅನ್ನ ಬಸಿಯುವಾಗ ಏಳುವ ಹಬೆಯಲ್ಲೂ ಆ ಕೈ ಕಾಣುತ್ತದೆ. ಅತ್ತೆ ಹೇಳಿದ್ದೇ ನಿಜವಿರಬೇಕು ಅಕ್ಕ.

ಭಾವನ ಮಂಡಿನೋವಿಗೆ ಎಣ್ಣೆ ಕಳಿಸಿದ್ದೇನೆ, ಬಿಸಿ ಮಾಡಿ ಹಚ್ಚು. ತ್ರಿರತ್ನಗಳ ನೆರಳು ನಿಮ್ಮ ಮನೆಯ ಮೇಲಿರಲಿ.

ನಿನ್ನ ತಂಗಿ,
ಇನೋಕಾ

ಮತ್ತೆ: ಇದನ್ನು ಯಾರಿಗೂ ಹೇಳಿಲ್ಲ. ಹನ್ನೊಂದು ತಿಂಗಳಿಂದ ತಿಲಕ ನನ್ನ ಕನಸಿಗೆ ಬರುತ್ತಿದ್ದಾನೆ. ಒದ್ದೆ ಅಂಗಿಯಲ್ಲಿ ಬಾಗಿಲಾಚೆ ನಿಂತು, "ಬಾಯಾರಿಕೆ ಆಗ್ತಿದೆ ಇನೋಕಾ, ಚೂರು ನೀರು ಕೊಡೇ" ಅನ್ನುತ್ತಾನೆ. ಪ್ರತಿಸಲವೂ ನಾನು "ಒಳಗೆ ಬಂದು ಕುಡಿ" ಅನ್ನುತ್ತೇನೆ. ಅವನು ಹೊಸ್ತಿಲು ದಾಟಲಾರ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಡಲಿಲ್ಲ, ಕೊಟ್ಟರೆ ಕುಡಿದು ಹೊರಟುಬಿಡುತ್ತಾನೆ. ದಾನ ಜೂನ್ ಹತ್ತಕ್ಕೇ. ಹಿಂದಿನ ದಿನವೇ ಬಾ, ಅಮ್ಮನ ಹಿತ್ತಾಳೆ ಗಿಂಡಿ ತಾ. ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ.