ಏಳು ಸಲ ತೊಳೆದ ಮೋಟರು

ಅಕ್ಕನ ಮಗಳೇ, ಮಾವನ ಆಶೀರ್ವಾದ.

ಸುನಾಮಿ ನೀರು ಇಲ್ಲಿನ ಅಣುಸ್ಥಾವರಕ್ಕೆ ನುಗ್ಗಿ, ರಿಯಾಕ್ಟರನ್ನು ತಣ್ಣಗಿಡುವ ಎರಡು ತುರ್ತು ಪಂಪುಗಳನ್ನು ಮುಳುಗಿಸಿತ್ತು. ಒಂದರ ಮೋಟರು ನನ್ನ ಪಾಲಿಗೆ ಬಂತು, ಇನ್ನೊಂದು ಸದ್ದಿಲ್ಲದೆ ಓಡಾಡುವ ಒಬ್ಬ ಫಿಟ್ಟರನಿಗೆ. ಅವನಿಗೆ ‘ಬೆಕ್ಕು’ ಎಂದು ಹೆಸರಿಟ್ಟವನು ನಾನೇ. ಯಾರ ಮೋಟರು ಮೊದಲು ಸರಿಯಾಗುತ್ತದೋ ಅವರೇ ದೊಡ್ಡ ಸಾಹೇಬರ ಮುಂದೆ ಪಂಪು ಚಾಲೂ ಮಾಡುವ ಗುಂಡಿ ಒತ್ತಬೇಕೆಂದು ಮೇಸ್ತ್ರಿ ಹೇಳಿದ.

ಒಳಗಿನ ತಾಮ್ರದ ಸುರುಳಿಯ ಉಪ್ಪನ್ನು ಸಿಹಿನೀರಿನಲ್ಲಿ ತೊಳೆದು, ಗುಡಾರ ಕಟ್ಟಿ, ಬಿಸಿಗಾಳಿ ಊದಿ ಒಣಗಿಸಬೇಕು. ನನ್ನಂಥ ಕೈಗೆ ಎರಡು ತೊಳೆತ ಸಾಕು. ಬೆಕ್ಕು ಮಾತ್ರ ಅಜ್ಜಿ ಕೂಸಿಗೆ ನೀರೆರೆದ ಹಾಗೆ ಏಳು ಸಲ ತೊಳೆದ.

“ಏನಪ್ಪಾ, ಮೋಟರಿಗೆ ಮದುವೆ ಮಾಡ್ತೀಯಾ?” ಎಂದೆ.

“ನೀವು ಮುಂದೆ ಹೋಗಿ ಅಣ್ಣಾ, ನಂದು ನಿಧಾನ” ಎಂದ, ಕಳ್ಳ.

ನಿನ್ನೆ ಪರೀಕ್ಷೆಯಾಯಿತು. ನನ್ನ ಮೋಟರಿಗೆ ಮೀಟರು ಹಚ್ಚಿದರೆ ಮುಳ್ಳು ಸೊನ್ನೆ ಬಿಟ್ಟು ಏಳಲಿಲ್ಲ. ಉಳಿದ ಉಪ್ಪು ತೇವ ಹಿಡಿದು ಕರೆಂಟು ಸೋರುತ್ತಿದೆಯಂತೆ. ಅವನು ಗುಂಡಿ ಒತ್ತಿದ, ಅವನದು ಒಂದೇ ಏಟಿಗೆ ತಿರುಗಿತು. ದೊಡ್ಡ ಸಾಹೇಬರು ಅವನ ಬೆನ್ನು ತಟ್ಟಿದರು. ನಾನೂ ಚಪ್ಪಾಳೆ ಹೊಡೆದೆ, ಎಲ್ಲರಿಗಿಂತ ಕೊನೆಗೆ.

ಕೈ ಬಿರಿದಿದೆ, ಮುಲಾಮು ಕೊಟ್ಟಿದ್ದಾರೆ. ವಿಕಿರಣ ಅಳೆಯುವ ಬಿಲ್ಲೆ ನೋಡಿ ಡಾಕ್ಟರು ಏನೂ ಭಯವಿಲ್ಲ ಎಂದರು, ನಿಮ್ಮಮ್ಮನಿಗೆ ಹೇಳು. ಇವತ್ತಿನಿಂದ ನನ್ನ ಮೋಟರನ್ನು ಮತ್ತೆ ತೊಳೆಯಬೇಕು, ಅದೂ ಬೆಕ್ಕಿನ ಕೈಕೆಳಗೆ. ನಿಮ್ಮಪ್ಪ ಕೇಳಿದರೆ ಗುಂಡಿ ಒತ್ತಿದ್ದು ಮಾವನೇ ಅನ್ನು. ಅಂಚೆಯವನು ಈ ಕಾರ್ಡು ಓದಿರುತ್ತಾನೆ, ಅವನಿಗೊಂದು ಲೋಟ ಚಹಾ ಕೊಟ್ಟು ಬಾಯಿ ಮುಚ್ಚಿಸು.

ಸ್ಥಾವರಕ್ಕೆ ಹೋಗುವ ಬಸ್ಸು ಬಂತು.
ನಿನ್ನ ಮಾವ